ಕೋಲಾರ ಸೀಮೆಯ ಸಂಗೀತ ಕಚೇರಿಗಳು: ಯಾವುದಕ್ಕೆ ಹೋಗಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಚಿಕ್ಕಬಳ್ಳಾಪುರದ ಕೇಳುಗರು ಹಬ್ಬದ ಹಂಗಾಮು ಬಂತೆಂದರೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವುಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮೈಕ್ ನೋಡಿಕೊಳ್ಳುವವರು, ಪರದೆ ಎಳೆಯುವವರು, ತಂಬೂರಿ ಮೀಟುವ ವಿದ್ಯಾರ್ಥಿಗಳು, ಪಕ್ಕವಾದ್ಯದ ವಿದ್ವಾಂಸರು ಹೇಳುವ ಮಾತುಗಳೇ ಈ ಉತ್ತರಗಳ ಬೇರು. ತೀರ್ಮಾನಗಳ ಹೊಣೆ ನನ್ನದು.

ಆಹ್ವಾನ ಪತ್ರಿಕೆಯಲ್ಲಿ ಸಾಲುಗಟ್ಟಲೆ ಹೆಸರುಗಳಿವೆ. ಒಂದೇ ಸಂಜೆ ಬಿಡುವಿದೆ. ಯಾವ ಕಚೇರಿಯನ್ನು ಆರಿಸಲಿ?

ದೊಡ್ಡ ಅಕ್ಷರದ ಹೆಸರನ್ನು ಬಿಟ್ಟು ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಹೆಸರುಗಳನ್ನು ಮೊದಲು ಓದಿ. ಪಿಟೀಲು ಯಾರು, ಮೃದಂಗ ಯಾರು, ಘಟವೋ ಖಂಜಿರವೋ ಮೋರ್ಸಿಂಗೋ ಇದ್ದರೆ ಅದು ಯಾರದು? ಕರ್ನಾಟಕ ಸಂಗೀತದ ಕಚೇರಿಯಲ್ಲಿ ಹೆಚ್ಚಿನ ಭಾಗ ವೇದಿಕೆಯ ಮೇಲೆ ಆ ಕ್ಷಣಕ್ಕೆ ಹುಟ್ಟುವಂಥದ್ದು. ಗಾಯಕರು ರಾಗವನ್ನು ವಿಸ್ತರಿಸುವಾಗ ಪಿಟೀಲು ಅವರ ಹಿಂದೆಯೇ ನೆರಳಿನಂತೆ ಬರಬೇಕು, ಅವರು ನಿಲ್ಲಿಸಿದಲ್ಲಿಂದ ಎತ್ತಿಕೊಳ್ಳಬೇಕು, ಸ್ವರಪ್ರಸ್ತಾರದಲ್ಲಿ, ಅಂದರೆ ಸರಿಗಮಗಳನ್ನೇ ಹೆಣೆದು ಹಾಡುವಾಗ, ಉತ್ತರ ಕೊಡಬೇಕು. ಇದಕ್ಕೆಲ್ಲ ಮುಂಚಿತವಾಗಿ ಬರೆದಿಟ್ಟ ಪ್ರತಿ ಇರುವುದಿಲ್ಲ. ಒಬ್ಬರ ದಾರಿ ಇನ್ನೊಬ್ಬರಿಗೆ ತಿಳಿದಿದ್ದರೆ ಕಚೇರಿ ಏರುತ್ತದೆ. ಹೆಸರಾಂತ ಗಾಯಕರ ಜೊತೆ ಹೊಂದಿಕೆಯಿಲ್ಲದ ಪಕ್ಕವಾದ್ಯ ಕೂತ ಸಂಜೆಗಿಂತ, ಅಷ್ಟೇನೂ ಹೆಸರಿಲ್ಲದ ಗಾಯಕಿಯ ಜೊತೆ ವರ್ಷಗಟ್ಟಲೆ ನುಡಿಸಿದವರು ಕೂತ ಸಂಜೆಯೇ ಮೇಲು ಎಂದು ಮೃದಂಗದವರನ್ನು ಕೇಳಿದರೆ ಹೇಳುತ್ತಾರೆ. ನನ್ನ ಅನುಭವವೂ ಅದೇ.

ಆಮೇಲೆ ರಂಗಮಂದಿರದವರನ್ನು ಒಂದು ಮಾತು ಕೇಳಿ. "ಯಾವ ಕಚೇರಿ ಚೆನ್ನಾಗಿರುತ್ತದೆ?" ಎಂದು ಕೇಳಿದರೆ "ಎಲ್ಲವೂ ಚೆನ್ನಾಗಿರುತ್ತದೆ ಸಾರ್" ಎನ್ನುತ್ತಾರೆ, ಅದು ಅವರ ಸೌಜನ್ಯ. "ಯಾರದ್ದಾದರೆ ನೀವು ಕೆಲಸ ಮುಗಿಸಿಯೂ ಒಳಗೆ ನಿಂತು ಕೇಳುತ್ತೀರಿ?" ಎಂದು ಕೇಳಿ. ಆಗ ಒಂದು ಹೆಸರು ಬರುತ್ತದೆ. ಆ ಹೆಸರಿಗೆ ಹೋಗಿ.

ಸಿಬ್ಬಂದಿಯ ಮಾತನ್ನು ಅಷ್ಟೊಂದು ನಂಬಬಹುದೇ? ಅವರು ಸಂಗೀತ ಕಲಿತವರಲ್ಲವಲ್ಲ?

ನಂಬಬಹುದು. ಕೋಲಾರದ ಟಿ. ಚನ್ನಯ್ಯ ರಂಗಮಂದಿರದಂಥ ಜಾಗದಲ್ಲಿ ಇಂದು ಸಭೆ, ನಾಳೆ ನಾಟಕ, ನಾಡಿದ್ದು ಶಾಲೆಯ ವಾರ್ಷಿಕೋತ್ಸವ, ಮತ್ತೊಂದು ದಿನ ಗಾಯನ. ಇಂಥ ಕಡೆ ಧ್ವನಿಯ ಹೊಣೆ ಹೊತ್ತವರ ಕಿವಿ ಎಲ್ಲ ಬಗೆಯ ಸದ್ದನ್ನೂ ಕೇಳಿ ಪಳಗಿರುತ್ತದೆ. ಯಾರು ಮೈಕನ್ನು ನುಂಗುವಂತೆ ಹಾಡುತ್ತಾರೆ, ಯಾರು ಕೂಗದೆಯೇ ಹಿಂದಿನ ಸಾಲಿಗೆ ತಲುಪುತ್ತಾರೆ, ಯಾರು "ನನ್ನದನ್ನು ಜಾಸ್ತಿ ಮಾಡಿ" ಎಂದು ಸಂಜೆಯಿಡೀ ಸನ್ನೆ ಮಾಡುತ್ತಾರೆ, ಯಾರು "ಪಿಟೀಲು ಸ್ವಲ್ಪ ಏರಿಸಿ, ಅವರದು ಕೇಳಬೇಕು" ಎನ್ನುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಪಕ್ಕದವರ ವಾದ್ಯ ಕೇಳಬೇಕೆನ್ನುವ ಕಲಾವಿದರ ಕಚೇರಿ ಸಾಮಾನ್ಯವಾಗಿ ಒಳ್ಳೆಯದಾಗಿಯೇ ಇರುತ್ತದೆ.

ಅವರು ಗಮನಿಸುವ ಇನ್ನೊಂದು ಸಂಗತಿ ಶ್ರುತಿ ಸೇರಿಸುವ ರೀತಿ. ಅವಕಾಶ ಸಿಕ್ಕರೆ ಕಚೇರಿಗೆ ಮುಂಚೆ ಪರದೆಯ ಹಿಂದೆ ಮೃದಂಗದವರ ಬಳಿ ಸ್ವಲ್ಪ ಹೊತ್ತು ನಿಲ್ಲಿ. ರವೆಗೆ ನೀರು ಹಾಕಿ ಬೆರಳಲ್ಲಿ ಕಲಸಿ ಮೆತ್ತಗಿನ ಉಂಡೆ ಮಾಡಿ, ಮೃದಂಗದ ಎಡ ಮುಖದ ನಡುವೆ ಒತ್ತುತ್ತಾರೆ. ಒಮ್ಮೆ ಬಾರಿಸಿ ಕೇಳುತ್ತಾರೆ, ಒಂದು ಚಿಟಿಕೆ ಕಿತ್ತು ತೆಗೆಯುತ್ತಾರೆ, ಮತ್ತೆ ಬಾರಿಸುತ್ತಾರೆ. ಆ ಗುಂ ಎನ್ನುವ ತುಂಬು ನಾದ ಬರುವುದು ಆ ರವೆಯಿಂದ. ಬಲ ಮುಖದ ಕಪ್ಪು ಕರಣೆ ಶಾಶ್ವತ. ಎಡಗಡೆಯದು ಆ ಸಂಜೆಗಷ್ಟೇ, ಕಚೇರಿ ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಬಲಗಡೆಯ ಅಂಚಿನ ಹೆಣಿಗೆಯನ್ನು ಸಣ್ಣ ಕಲ್ಲಿನಿಂದ ಮೇಲೆ ಕೆಳಗೆ ತಟ್ಟುತ್ತಾ ಸುತ್ತಲೂ ಒಂದೇ ಶ್ರುತಿ ಬರುವವರೆಗೂ ಬಿಡುವುದಿಲ್ಲ. ಇಷ್ಟಕ್ಕೆ ಸಮಯ ಇಟ್ಟುಕೊಂಡು ಬರುವ ತಂಡ ಯಾವುದು, ಪರದೆ ಏಳುವ ಹೊತ್ತಿಗೆ ಓಡೋಡಿ ಬಂದು ಕೂರುವ ತಂಡ ಯಾವುದು ಎಂದು ಸಿಬ್ಬಂದಿ ನೋಡಿಯೇ ಇರುತ್ತಾರೆ.

ರಾಗ, ತಾಳ ಏನೂ ಗೊತ್ತಿಲ್ಲದವರು ಮೊದಲು ಏನನ್ನು ಕೇಳಬೇಕು?

ದೇವರನಾಮಗಳ ಕಚೇರಿ. ನಮ್ಮ ಸೀಮೆಯವರಿಗೆ ಇದನ್ನು ಹೇಳುವಾಗ ನನಗೆ ಹೆಮ್ಮೆಯೂ ಇದೆ, ಏಕೆಂದರೆ ಹರಿದಾಸ ಸಾಹಿತ್ಯದ ದೊಡ್ಡ ಹೊಳೆ ಹರಿದದ್ದು ನಮ್ಮ ಮುಳಬಾಗಿಲಿನ ಮೂಲಕ. ಹದಿನೈದನೆಯ ಶತಮಾನದ ಶ್ರೀಪಾದರಾಜರು ಇಲ್ಲಿ ಮಠ ನಡೆಸಿದರು, ರಂಗವಿಠಲ ಎಂಬ ಅಂಕಿತದಲ್ಲಿ ಕನ್ನಡದಲ್ಲಿ ಹಾಡಿದರು. ವ್ಯಾಸರಾಯರು ಅವರ ಬಳಿ ಓದಿದವರು. ಆ ವ್ಯಾಸರಾಯರ ಶಿಷ್ಯರೇ ಪುರಂದರದಾಸರು. ಇಂದು ದೇಶದ ಯಾವ ಮೂಲೆಯಲ್ಲಿ ಮಗುವೊಂದು ಕರ್ನಾಟಕ ಸಂಗೀತ ಕಲಿಯಲು ಕೂತರೂ ಮಾಯಾಮಾಳವಗೌಳ ರಾಗದಲ್ಲಿ ಸರಳೆ ಎಂಬ ಮೊದಲ ಸ್ವರಪಾಠ ಹಾಡುತ್ತದೆ. ಆ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂದು ಸಂಗೀತ ಲೋಕ ನಂಬಿಕೊಂಡು ಬಂದಿದೆ. ಗುರುಪರಂಪರೆಯ ದಾರಿ ಹಿಡಿದು ಹಿಂದಕ್ಕೆ ನಡೆದರೆ ಮುಳಬಾಗಿಲಿನ ಹೊರವಲಯದ ನರಸಿಂಹತೀರ್ಥಕ್ಕೆ, ಶ್ರೀಪಾದರಾಜರ ವೃಂದಾವನಕ್ಕೆ ಬಂದು ನಿಲ್ಲುತ್ತೇವೆ. ನಮ್ಮ ಊರಿನ ಮಕ್ಕಳಿಗೆ ಇದನ್ನು ಶಾಲೆಯಲ್ಲೇ ಹೇಳಿಕೊಡಬೇಕು.

ಜ್ಯೇಷ್ಠ ಶುದ್ಧ ಚತುರ್ದಶಿ ಶ್ರೀಪಾದರಾಜರ ಆರಾಧನೆಯ ದಿನ. ಪುಷ್ಯ ಮಾಸದ ಅಮಾವಾಸ್ಯೆ ಪುರಂದರದಾಸರದು. ಈ ಎರಡು ತಿಥಿಗಳನ್ನು ಪಂಚಾಂಗದಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಅದರ ಆಸುಪಾಸಿನಲ್ಲಿ ದಾಸರ ಪದಗಳ ಗಾಯನ ಎಲ್ಲಿ ನಡೆದರೂ ಹೋಗಿ ಕೂರಿ. ಸಾಹಿತ್ಯ ಅರ್ಥವಾಗುವುದರಿಂದ ಮನಸ್ಸು ಕದಲುವುದಿಲ್ಲ, ರಾಗದ ರುಚಿ ತಾನಾಗಿ ಹತ್ತುತ್ತದೆ. ಗಾಯಕರು ಹಾಡಿಗೆ ಮುನ್ನ ತಾಳವಿಲ್ಲದೆ ನಾಲ್ಕೈದು ಸಾಲಿನ ಉಗಾಭೋಗ ಎತ್ತಿಕೊಂಡರೆ ಕಿವಿ ನೆಟ್ಟಗೆ ಮಾಡಿ. ತಾಳದ ಹಂಗಿಲ್ಲದ ಆ ಎರಡು ಮೂರು ನಿಮಿಷಗಳಲ್ಲಿ ಹಾಡುವವರ ಶಕ್ತಿ ಎಷ್ಟೆಂಬುದು ತಿಳಿದುಹೋಗುತ್ತದೆ.

ಕಚೇರಿಗಳಲ್ಲಿ ತೆಲುಗು ಕೃತಿಗಳೇ ಹೆಚ್ಚು ಎಂದು ಕೆಲವರು ಬೇಸರಪಡುತ್ತಾರೆ. ನಿಮ್ಮ ಅಭಿಪ್ರಾಯ?

ಬೇರೆ ಜಿಲ್ಲೆಯವರು ಬೇಸರಪಟ್ಟರೆ ಅರ್ಥವಾಗುತ್ತದೆ, ನಮಗೆ ಆ ಬೇಸರಕ್ಕೆ ಕಾರಣವೇ ಇಲ್ಲ. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ತ್ಯಾಗರಾಜರು (1767–1847) ರಾಮನನ್ನು ಬೇಡಿದ್ದು, ಗದರಿದ್ದು, ಮುನಿಸಿಕೊಂಡದ್ದು ಬಹುಪಾಲು ತೆಲುಗಿನಲ್ಲಿ. ಅನೇಕ ಊರುಗಳ ಕೇಳುಗರಿಗೆ ಅದು ಬರಿಯ ನಾದ. ನಮ್ಮ ಸಭೆಯಲ್ಲಿ ಕೂತ ಅಜ್ಜಿಗೆ ಅದು ಅಡುಗೆಮನೆಯಲ್ಲಿ ಆಡುವ ಭಾಷೆ. ಗಾಯಕರು ನೆರವಲ್‌ಗೆ ಒಂದು ಸಾಲನ್ನು ಆರಿಸಿ, ಅದನ್ನೇ ಮತ್ತೆ ಮತ್ತೆ ಬೇರೆ ಬೇರೆ ಬಗೆಯಲ್ಲಿ ಹಾಡುವಾಗ ಪದ ಒಡೆದರೆ, ಎರಡು ಭಾಷೆಯಲ್ಲಿ ಬೆಳೆದ ನಮ್ಮ ಕೇಳುಗರಿಗೆ ಆ ಕ್ಷಣವೇ ತಿಳಿಯುತ್ತದೆ. ಹೊರಗಿನಿಂದ ಬಂದ ಕಲಾವಿದರಿಗೆ ಇಂಥ ಸಭೆಯ ಮುಂದೆ ಹಾಡುವುದು ಸಂತೋಷವೂ ಹೌದು, ಎಚ್ಚರವೂ ಹೌದು.

ಆದ್ದರಿಂದ ನನ್ನ ಶಿಫಾರಸು ಸ್ಪಷ್ಟ. ಪುಷ್ಯ ಬಹುಳ ಪಂಚಮಿಯ ತ್ಯಾಗರಾಜ ಆರಾಧನೆಯ ಹೊತ್ತಿಗೆ ಪಂಚರತ್ನ ಕೃತಿಗಳ ಗೋಷ್ಠಿಗಾಯನ ಎಲ್ಲಾದರೂ ಇದ್ದರೆ ತಪ್ಪಿಸಬೇಡಿ. ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಐದು ರಾಗಗಳಲ್ಲಿ, ಹಿರಿಯ ವಿದ್ವಾಂಸರೂ ಕಲಿಯುತ್ತಿರುವ ಹುಡುಗಿಯರೂ ಒಟ್ಟಿಗೆ ಕೂತು ಹಾಡುತ್ತಾರೆ. ಸಾಹಿತ್ಯದ ಪ್ರತಿಯನ್ನು ಮುಂಚೆಯೇ ಕನ್ನಡ ಲಿಪಿಯಲ್ಲಿ ಓದಿಕೊಂಡು ಹೋದರೆ ನೀವೂ ದನಿಗೂಡಿಸಬಹುದು.

ಕೈವಾರದ ಸಂಗೀತೋತ್ಸವಕ್ಕೆ ಹೋಗಬೇಕೆಂದಿದ್ದೇವೆ. ಯಾವಾಗ, ಹೇಗೆ?

ಆಷಾಢದ ಹುಣ್ಣಿಮೆಗೆ, ಅಂದರೆ ಗುರುಪೂರ್ಣಿಮೆಗೆ ಹೊಂದಿಕೊಂಡಂತೆ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಯೋಗಿ ನಾರೇಯಣರ ಮಠವಿದೆ. ಬಳೆ ಮಾರುತ್ತಿದ್ದವರು ತಾತಯ್ಯನಾದದ್ದು, ಅಮರನಾರೇಯಣ ಸ್ವಾಮಿಯನ್ನು ಕುರಿತು ಕನ್ನಡ, ತೆಲುಗು ಎರಡರಲ್ಲೂ ಪದ ಕಟ್ಟಿ ಹಾಡಿದ್ದು ಈ ಕಡೆಯವರಿಗೆಲ್ಲ ಗೊತ್ತಿರುವ ಕಥೆ. ಗುರುಪೂಜೆಯ ಸಂದರ್ಭದಲ್ಲಿ ಅಲ್ಲಿ ಹಗಲೂ ರಾತ್ರಿಯೂ ಸೇರಿ ಮೂರು ದಿನ ಸಂಗೀತ ನಡೆಯುತ್ತದೆ. ಒಬ್ಬರಾದ ಮೇಲೊಬ್ಬರು ವೇದಿಕೆ ಏರುತ್ತಾರೆ.

ಸಂಗೀತಗಾರರ ಸಲಹೆ ಏನೆಂದರೆ, ರಾತ್ರಿಯ ಹೊತ್ತು ಹೋಗಿ. ಸಂಜೆಯ ಹೊತ್ತಿಗೆ ಜನ ಹೆಚ್ಚು, ಓಡಾಟ ಹೆಚ್ಚು. ನಡುರಾತ್ರಿ ದಾಟಿದ ಮೇಲೆ ಉಳಿಯುವವರು ಕೇಳಲೆಂದೇ ಉಳಿದವರು. ಆಗ ಹಾಡುವವರೂ ಅವಸರ ಮಾಡುವುದಿಲ್ಲ. ರಾತ್ರಿಯ ರಾಗಗಳನ್ನು ರಾತ್ರಿಯಲ್ಲೇ ಕೇಳುವ, ಬೆಳಗಿನ ಜಾವದ ಭೂಪಾಳವನ್ನು ಬೆಳಕು ಹರಿಯುವಾಗಲೇ ಕೇಳುವ ಅವಕಾಶ ಸಂಜೆ ಆರರಿಂದ ಒಂಬತ್ತರ ರಂಗಮಂದಿರದ ಕಚೇರಿಗಳಲ್ಲಿ ಎಲ್ಲಿದೆ? ಆಷಾಢದ ಗಾಳಿ ಇರುತ್ತದೆ, ಹೊದೆಯಲು ಶಾಲು ಇರಲಿ.

ನಾಗಸ್ವರವನ್ನು ಮದುವೆ, ಜಾತ್ರೆಯಲ್ಲಿ ಕೇಳುತ್ತೇವೆ. ಅದನ್ನೂ ಶಾಸ್ತ್ರೀಯ ಕಚೇರಿ ಎನ್ನಬಹುದೇ?

ಎನ್ನಬಹುದೇ ಎಂಬ ಪ್ರಶ್ನೆಯೇ ನನಗೆ ನೋವು ತರುತ್ತದೆ. ರಾಗಾಲಾಪನೆಯ ವಿಸ್ತಾರವನ್ನು ನಾಗಸ್ವರದವರಿಂದ ಕಲಿತೆವೆಂದು ಹೇಳಿಕೊಂಡ ದೊಡ್ಡ ಗಾಯಕರು ಹಲವರು. ತೋಡಿಯನ್ನು, ಕಲ್ಯಾಣಿಯನ್ನು, ಶಂಕರಾಭರಣವನ್ನು ಉತ್ಸವದ ಮೆರವಣಿಗೆಯುದ್ದಕ್ಕೂ ಗಂಟೆಗಟ್ಟಲೆ ಬೆಳೆಸುವ ಉಸಿರು ಬೇರೆ ಯಾವ ವಾದ್ಯಕ್ಕಿದೆ? ಕೋಲಾರ, ಚಿಕ್ಕಬಳ್ಳಾಪುರದ ದೇವಸ್ಥಾನಗಳಲ್ಲಿ, ರಥೋತ್ಸವಗಳಲ್ಲಿ ಈ ವಾದ್ಯದ ಬಳಕೆ ಇಂದಿಗೂ ಗಟ್ಟಿಯಾಗಿದೆ. ಮದುವೆ ಮನೆಯಲ್ಲಿ ಅವರು ನುಡಿಸುವಾಗ ನಾವು ಊಟದ ಸಾಲಿನಲ್ಲಿ ನಿಂತಿರುತ್ತೇವೆ, ತಾಳಿ ಕಟ್ಟುವಾಗಿನ ಗಟ್ಟಿಮೇಳ ಬಿಟ್ಟರೆ ಬೇರೇನೂ ಕಿವಿಗೆ ಬಿದ್ದಿರುವುದಿಲ್ಲ. ಅವರು ನುಡಿಸಿದ್ದರಲ್ಲಿ ಕೊರತೆಯಿರಲಿಲ್ಲ, ನಾವು ಕಿವಿ ಕೊಡಲಿಲ್ಲ.

ನವರಾತ್ರಿಯಲ್ಲೋ ಬ್ರಹ್ಮೋತ್ಸವದಲ್ಲೋ ನಾಗಸ್ವರವನ್ನು ವೇದಿಕೆಯ ಮೇಲೆ ಕೂರಿಸಿ ಕೇಳಿಸುವ ಕಾರ್ಯಕ್ರಮವಿದ್ದರೆ ಮೊದಲ ಆದ್ಯತೆ ಅದಕ್ಕೇ ಕೊಡಿ. ಮೈಕ್ ಬೇಕಿಲ್ಲದ ವಾದ್ಯ ಇದು. ತವಿಲ್ ಎಂಬ ಡೋಲು ಪಕ್ಕದಲ್ಲಿದ್ದಾಗ ಮುಚ್ಚಿದ ಸಭಾಂಗಣಕ್ಕಿಂತ ದೇವಸ್ಥಾನದ ಪ್ರಾಂಗಣ ಚೆನ್ನ, ಸ್ವಲ್ಪ ದೂರ ಕೂರಿ.

ಕಚೇರಿಯಲ್ಲಿ ಯಾವುದರ ನಂತರ ಯಾವುದು ಬರುತ್ತದೆ?

ಈಗಿನ ಕ್ರಮವನ್ನು ರೂಢಿಗೆ ತಂದವರೆಂದು ಗಾಯಕ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರರನ್ನು (1890–1967) ಹೇಳುತ್ತಾರೆ. ಮೊದಲು ವರ್ಣ, ಬಳಿಕ ಗಣಪತಿಯ ಮೇಲೊಂದು ಕೃತಿ, ಒಂದೆರಡು ಚುರುಕಾದ ಕೃತಿಗಳು, ನಿಧಾನ ಗತಿಯದೊಂದು, ಆಮೇಲೆ ಆ ಸಂಜೆಯ ಮುಖ್ಯ ರಾಗ. ಅದಕ್ಕೆ ವಿಸ್ತಾರವಾದ ಆಲಾಪನೆ, ಕೃತಿ, ನೆರವಲ್, ಕಲ್ಪನಾಸ್ವರ (ಮೇಲೆ ಹೇಳಿದ ಸ್ವರಪ್ರಸ್ತಾರವೇ), ಕೊನೆಗೆ ತನಿ ಆವರ್ತನ, ಅಂದರೆ ತಾಳವಾದ್ಯದವರು ತಾವೇ ನುಡಿಸುವ ಭಾಗ. ಕೆಲವೊಮ್ಮೆ ಈ ಜಾಗದಲ್ಲಿ ರಾಗ ತಾನ ಪಲ್ಲವಿ, ಅಂದರೆ ರಾಗವನ್ನು ಬೆಳೆಸಿ ಒಂದೇ ಸಾಲಿನ ಸುತ್ತ ಹೆಣೆಯುವ ಪ್ರಕಾರ, ಬರುತ್ತದೆ. ಆ ಮೇಲೆ ದೇವರನಾಮ, ಜಾವಳಿ, ತಿಲ್ಲಾನದಂಥ ಚಿಕ್ಕ ರಚನೆಗಳು ಬಂದು ಮಂಗಳದೊಂದಿಗೆ ಮುಗಿಯುತ್ತದೆ. ಒಟ್ಟು ಎರಡರಿಂದ ಮೂರು ಗಂಟೆ. ತಡವಾಗಿ ಬರುವುದು ಅನಿವಾರ್ಯವಾದರೆ ಮುಖ್ಯ ರಾಗಕ್ಕಾದರೂ ಒಳಗಿರಿ. ಒಂದು ಕೃತಿ ಮುಗಿದು ಇನ್ನೊಂದು ಶುರುವಾಗುವ ಬಿಡುವಿನಲ್ಲಿ ಒಳಗೆ ಬನ್ನಿ.

ತನಿ ಆವರ್ತನದ ಹೊತ್ತಿಗೆ ಎದ್ದು ಕಾಫಿ ಕುಡಿದು ಬರಬಹುದೇ?

ದಯವಿಟ್ಟು ಬೇಡ. ಅಲ್ಲಿಯವರೆಗೆ ಎರಡು ಗಂಟೆ ಬೇರೆಯವರ ಗಾಯನಕ್ಕೆ ಹೆಗಲು ಕೊಟ್ಟ ಮೃದಂಗದವರಿಗೆ ಆ ಸಂಜೆ ತಮ್ಮದೇ ಮಾತು ಹೇಳಲು ಸಿಗುವುದು ಆ ಹತ್ತು ಇಪ್ಪತ್ತು ನಿಮಿಷ ಮಾತ್ರ. ಸರಿಯಾಗಿ ಆಗಲೇ ಅರ್ಧ ಸಭೆ ಎದ್ದು ಬಾಗಿಲಿನತ್ತ ನಡೆಯುವುದನ್ನು ಅವರು ವೇದಿಕೆಯಿಂದ ನೋಡುತ್ತಾರೆ. ಬಾಗಿಲು ಕಾಯುವವರಿಗೂ ಇದು ಹಿಡಿಸುವುದಿಲ್ಲ.

ತನಿ ಅರ್ಥವಾಗುವುದಿಲ್ಲ ಎನ್ನುವವರಿಗೆ ಒಂದು ದಾರಿ ಇದೆ. ಬಹಳ ಸಲ ಅದು ಆದಿತಾಳದಲ್ಲಿರುತ್ತದೆ. ತೊಡೆಯ ಮೇಲೆ ಅಂಗೈಯಿಂದ ಒಂದು ತಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಇಲ್ಲಿಗೆ ನಾಲ್ಕು. ಮತ್ತೆ ಒಂದು ತಟ್ಟು, ಅಂಗೈ ಮೇಲಕ್ಕೆ ತಿರುಗಿಸಿ ಒಂದು. ಮತ್ತೆ ತಟ್ಟು, ಮತ್ತೆ ತಿರುವು. ಎಂಟಾಯಿತು, ಮೊದಲಿಗೆ ಬನ್ನಿ. ಗಾಯಕರ ಕೈ ನೋಡುತ್ತಾ ಇದನ್ನು ಹಾಕುತ್ತಾ ಹೋಗಿ, ಎಷ್ಟೇ ಗೊಂದಲವಾದರೂ ನಿಲ್ಲಿಸಬೇಡಿ. ಮೃದಂಗದವರು ಅದರ ಮೇಲೆ ಮೂರರ, ಐದರ, ಏಳರ ಲೆಕ್ಕಗಳನ್ನು ಹೆಣೆದು, ಎಲ್ಲೋ ದಾರಿ ತಪ್ಪಿದರೆಂದು ನಿಮಗೆ ಅನ್ನಿಸುವಾಗಲೇ, ಒಂದೇ ನುಡಿಯನ್ನು ಮೂರು ಸಲ ಹೇಳಿ ಸರಿಯಾಗಿ ಕೃತಿಯ ಎತ್ತುಗಡೆಗೆ ಬಂದು ಇಳಿಯುತ್ತಾರೆ. ನಿಮ್ಮ ಕೈಯೂ ಅದೇ ಜಾಗದಲ್ಲಿದ್ದರೆ ಬಾಯಿಂದ ತಾನಾಗಿ "ಆಹಾ" ಬರುತ್ತದೆ. ಮುಂದಿನ ಸಲ ಕಾಫಿಯ ನೆನಪಾಗುವುದಿಲ್ಲ.

ಎಲ್ಲಿ ಕೂತರೆ ಚೆನ್ನಾಗಿ ಕೇಳಿಸುತ್ತದೆ?

ಮುಂದಿನ ಸಾಲು ಬೇಡ, ಧ್ವನಿವರ್ಧಕದ ಎದುರು ಬೇಡ. ಸಭಾಂಗಣದ ನಡುವೆ, ಧ್ವನಿ ನಿಯಂತ್ರಿಸುವವರು ಕೂತಿರುವ ಜಾಗದ ಆಸುಪಾಸಿನಲ್ಲಿ ಕೂರಿ. ಅವರು ತಮ್ಮ ಕಿವಿಗೆ ಸರಿಯೆನಿಸುವಂತೆ ಹೊಂದಿಸಿರುತ್ತಾರೆ, ಅದೇ ನಿಮಗೂ ಸಿಗುತ್ತದೆ.

ಒಳ್ಳೆಯ ಕಚೇರಿಗೆ ಬೆಂಗಳೂರಿಗೇ ಹೋಗಬೇಕೇ?

ವರ್ಷಕ್ಕೊಮ್ಮೆ ಹೋಗಿ, ರಾಮನವಮಿಯ ಹಂಗಾಮಿನಲ್ಲಿ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದ ಉತ್ಸವ ಅದು, ಒಂದು ತಿಂಗಳ ಮಟ್ಟಿಗೆ ನಡೆಯುತ್ತದೆ. ಪಾನಕ, ಕೋಸಂಬರಿಯ ಹಂಗಾಮಿನಲ್ಲಿ ಅಷ್ಟು ದೊಡ್ಡ ಚಪ್ಪರದ ಕೆಳಗೆ ಸಾವಿರಾರು ಜನರ ನಡುವೆ ಕೂತು ಕೇಳುವ ಅನುಭವವೇ ಬೇರೆ. 1905ರಲ್ಲಿ ಶುರುವಾದ ಗಾಯನ ಸಮಾಜದ ಸಮ್ಮೇಳನ, ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನದ ಕಚೇರಿಗಳು ಕೂಡ ಒಮ್ಮೆ ನೋಡಬೇಕಾದವೇ. ಆದರೆ ಎಪ್ಪತ್ತು ಕಿಲೋಮೀಟರ್ ಆಚೆಯಿಂದ ಬಂದವರು ಕೊನೆಯ ಬಸ್ಸಿನ ಚಿಂತೆಯಲ್ಲಿ ಮುಖ್ಯ ರಾಗದ ನಡುವೆಯೇ ಗಡಿಯಾರ ನೋಡುವುದು ಕಷ್ಟ. ಉಳಿದುಕೊಳ್ಳಲು ನೆಂಟರ ಮನೆಯಿದ್ದರೆ ಹೋಗಿ. ಇಲ್ಲವಾದರೆ ಭಾನುವಾರದ ಬೆಳಗಿನ ಕಚೇರಿಗಳನ್ನು ಆರಿಸಿಕೊಳ್ಳಿ.

ಹಿಂದೂಸ್ತಾನಿ ಗಾಯನ ನಮ್ಮ ಕಡೆ ಕೇಳಸಿಗುತ್ತದೆಯೇ?

ಧಾರವಾಡದ ಕಡೆಯಷ್ಟು ಇಲ್ಲ, ಅಪರೂಪಕ್ಕೆ ಸಿಗುತ್ತದೆ. ಅಪರೂಪವಾದ್ದರಿಂದಲೇ ಬಿಡಬಾರದು. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರಂಥವರನ್ನು ಕೊಟ್ಟ ನಾಡಿನವರು ನಾವು. ಕರ್ನಾಟಕ ಸಂಗೀತ ಕೇಳಿ ಅಭ್ಯಾಸವಿದ್ದರೆ ಕಲ್ಯಾಣಿಯ ನೆನಪಿನಲ್ಲಿ ಯಮನ್, ಮೋಹನದ ನೆನಪಿನಲ್ಲಿ ಭೂಪ್, ಹಿಂದೋಳದ ನೆನಪಿನಲ್ಲಿ ಮಾಲಕಂಸ ಕೇಳಿ. ಸ್ವರಗಳು ಒಂದೇ, ನಡೆ ಬೇರೆ. ಶುರುವಿನ ವಿಲಂಬಿತ ಖಯಾಲ್ ತೀರ ನಿಧಾನವೆನಿಸಿದರೆ ಕಣ್ಣು ಮುಚ್ಚಿ ತಂಬೂರಿಯನ್ನೇ ಸ್ವಲ್ಪ ಹೊತ್ತು ಕೇಳಿ, ಆಮೇಲೆ ಗಾಯನ ತಾನಾಗಿ ಒಳಗೆ ಬರುತ್ತದೆ.

ಸಂಜೆ ನಾಲ್ಕೂವರೆಗೆ ಸ್ಥಳೀಯ ಯುವ ಕಲಾವಿದರ ಕಚೇರಿ ಇರುತ್ತದೆ. ಅದಕ್ಕೂ ಹೋಗಬೇಕೇ?

ಇದರಲ್ಲಿ ವಿದ್ವಾಂಸರು, ಸಿಬ್ಬಂದಿ ಎಲ್ಲರದೂ ಒಂದೇ ಮಾತು: ಹೋಗಲೇಬೇಕು. ಆ ಹೊತ್ತಿಗೆ ಕುರ್ಚಿಗಳು ಖಾಲಿ, ಸಂಘಟಕರು ಹೂವು, ಹಣ್ಣಿನ ಓಡಾಟದಲ್ಲಿರುತ್ತಾರೆ, ಮೈಕ್ ಇನ್ನೂ ಹದಕ್ಕೆ ಬಂದಿರುವುದಿಲ್ಲ. ಅಂಥದರಲ್ಲಿ ಇಪ್ಪತ್ತು ವರ್ಷದ ಹುಡುಗನೊಬ್ಬ ಕಣ್ಣು ಮುಚ್ಚಿ ಭೈರವಿ ಎತ್ತಿಕೊಳ್ಳುತ್ತಾನೆ. ಎದುರಿಗೆ ತಲೆದೂಗುವ ಹತ್ತು ಜನ ಇದ್ದರೆ ಅವನ ಗಾಯನ ಅರ್ಧ ಗಂಟೆಯಲ್ಲೇ ಬೇರೆಯಾಗುವುದನ್ನು ನಾನು ಕಂಡಿದ್ದೇನೆ. ಗೌರಿಬಿದನೂರು ಸೀಮೆಯ ಚಿಂತಲಪಲ್ಲಿಯಿಂದ ತಲೆಮಾರುಗಳ ಕಾಲ ಗಾಯಕರು ಬಂದರು. ಚಿಂತಲಪಲ್ಲಿ ರಾಮಚಂದ್ರರಾಯರ ಹೆಸರು ನಾಡೆಲ್ಲ ಬಲ್ಲದ್ದು. ಅಂಥ ಮನೆತನಗಳು ಬೆಳೆದದ್ದು ಊರಿನವರು ಕೂತು ಕೇಳಿದ್ದರಿಂದ. ಮುಖ್ಯ ಕಚೇರಿಗೆ ಬರುವವರು ಒಂದೂವರೆ ಗಂಟೆ ಮುಂಚೆ ಬಂದರೆ ಸಾಕು.

ಮಕ್ಕಳನ್ನು ಕರೆತರಬಹುದೇ?

ಖಂಡಿತ. ಬಾಗಿಲಿನ ಹತ್ತಿರದ ಸಾಲಿನಲ್ಲಿ ಕೂರಿಸಿಕೊಳ್ಳಿ. ಅತ್ತರೆ ಹೊರಗೆ ಕರೆದೊಯ್ಯಿರಿ, ಮತ್ತೆ ಒಳಗೆ ಬನ್ನಿ. ಘಟ, ಮೋರ್ಸಿಂಗ್, ಖಂಜಿರ ಇರುವ ಕಚೇರಿಗೆ ಮಕ್ಕಳು ಬೇಗ ಒಲಿಯುತ್ತಾರೆ. ಕಚೇರಿ ಮುಗಿದ ಮೇಲೆ ವೇದಿಕೆಯ ಬಳಿ ಕರೆದೊಯ್ದು ವಾದ್ಯ ತೋರಿಸಿ. ಕೇಳಿಕೊಂಡರೆ ಹೆಚ್ಚಿನ ವಿದ್ವಾಂಸರು ಮಗುವಿಗೆ ಒಂದು ತಟ್ಟು ತಟ್ಟಲು ಬಿಡುತ್ತಾರೆ. ಕೇಳದೆ ಮುಟ್ಟಿಸಬೇಡಿ.

ಟಿಕೆಟ್? ಉಡುಪು?

ನಮ್ಮ ಊರುಗಳಲ್ಲಿ ದೇವಸ್ಥಾನ, ಸಭೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಾರ್ಯಕ್ರಮಗಳಿಗೆ ಸಾಮಾನ್ಯವಾಗಿ ಪ್ರವೇಶ ಉಚಿತ. ಹುಂಡಿಯೋ ದೇಣಿಗೆಯ ಪುಸ್ತಕವೋ ಇದ್ದರೆ ಕೈಲಾದಷ್ಟು ಹಾಕಿ, ಪಕ್ಕವಾದ್ಯದವರ ಬಸ್ಸಿನ ಖರ್ಚು ಅದರಿಂದಲೇ ಹೊರಡಬೇಕಾಗಬಹುದು. ಉಡುಪು ನಿಮ್ಮಿಷ್ಟ. ಮೊಬೈಲ್ ಸದ್ದು ಮಾಡಬಾರದು, ಅಷ್ಟೇ.

ಇಷ್ಟದ ಕೃತಿಗೆ ಚೀಟಿ ಕಳಿಸಬಹುದೇ?

ತನಿ ಆವರ್ತನ ಮುಗಿದ ಮೇಲೆ, ಒಂದೇ ಒಂದು. ಸಿಬ್ಬಂದಿಯ ಕೈಯಲ್ಲಿ ಕೊಡಿ, ನೀವೇ ವೇದಿಕೆಯತ್ತ ನಡೆಯಬೇಡಿ. ಹಾಡದಿದ್ದರೆ ಮುನಿಸಿಕೊಳ್ಳಬೇಡಿ. ಅದೇ ರಾಗವನ್ನು ಆಗಲೇ ಹಾಡಿರಬಹುದು, ಕಂಠ ದಣಿದಿರಬಹುದು.

ಕಚೇರಿಗಳ ವಿಷಯ ಮೊದಲೇ ತಿಳಿಯುವುದು ಹೇಗೆ?

ನಮ್ಮ ಸೀಮೆಯಲ್ಲಿ ಸಂಗೀತದ ದಿನಚರಿ ತಿಥಿಯನ್ನು ಹಿಡಿದು ನಡೆಯುತ್ತದೆ. ರಾಮನವಮಿ, ಶ್ರೀಪಾದರಾಜರ ಆರಾಧನೆ, ಗುರುಪೂರ್ಣಿಮೆ, ಗಣೇಶನ ಹಬ್ಬ, ನವರಾತ್ರಿ, ಕನಕ ಜಯಂತಿ, ಪುಷ್ಯದ ಎರಡು ಆರಾಧನೆಗಳು. ಇವುಗಳಿಗೆ ಎರಡು ವಾರ ಮುಂಚೆ ರಂಗಮಂದಿರದ ಸೂಚನಾಫಲಕ, ದೇವಸ್ಥಾನದ ಗೋಡೆ, ದಿನಪತ್ರಿಕೆಯ ಜಿಲ್ಲಾ ಪುಟದ "ಇಂದಿನ ಕಾರ್ಯಕ್ರಮ" ನೋಡಿ. ಊರಿನ ಸಂಗೀತ ಶಿಕ್ಷಕಿಯೊಬ್ಬರ ಪರಿಚಯ ಮಾಡಿಕೊಂಡರೆ ಇನ್ನೂ ಒಳ್ಳೆಯದು, ಅವರ ವಾಟ್ಸಾಪ್ ಗುಂಪಿಗೆ ಆಹ್ವಾನ ಪತ್ರಿಕೆ ಎಲ್ಲರಿಗಿಂತ ಮೊದಲು ಬಂದಿರುತ್ತದೆ. ಪತ್ರಿಕೆ ಕೈಗೆ ಬಂದ ಮೇಲೆ ರಂಗಮಂದಿರಕ್ಕೆ ಒಮ್ಮೆ ಹೋಗಿ ಸಮಯ ಖಚಿತಪಡಿಸಿಕೊಳ್ಳಿ. ಕೋಲಾರದಲ್ಲಿ ಉದ್ಘಾಟನೆಯ ಭಾಷಣಗಳು ಉದ್ದವಾಗಿ ಕಚೇರಿ ತಡವಾಗುವುದುಂಟು, ಎಷ್ಟು ಹೊತ್ತಿಗೆ ಶ್ರುತಿ ಹಿಡಿಯುತ್ತಾರೆ ಎಂಬ ಸರಿಯಾದ ಅಂದಾಜು ಬಾಗಿಲು ತೆರೆಯುವವರಿಗೆ ಇರುತ್ತದೆ.